ಊರಿನಿಂದ ಯುಎಇಗೆ ಕೆಲಸಗಾರರನ್ನು ಕರೆಸಿಕೊಳ್ಳುವ ಮಾಲೀಕರಿಗೆ: ವೀಸಾದ ಹಂತಗಳು, ಮಾಲೀಕರ ಹೊಣೆಗಳು

ಯುಎಇಯ ಖಾಸಗಿ ಸಂಸ್ಥೆಯೊಂದು ಹೊರದೇಶದಿಂದ ಕೆಲಸಗಾರನನ್ನು ಕರೆಸಿಕೊಳ್ಳಬೇಕಾದರೆ ಮೊದಲು ಸಿದ್ಧವಾಗಬೇಕಾದ ಕಾಗದ ವೀಸಾ ಅಲ್ಲ, ಆಫರ್ ಲೆಟರ್. ಅಲ್ಲಿನ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯ, ಅಂದರೆ ಎಲ್ಲರೂ ಮೋಹ್ರೆ ಎಂದು ಕರೆಯುವ ಇಲಾಖೆ, ಈ ಪತ್ರದ ನಮೂನೆಯನ್ನು ತಾನೇ ನಿಗದಿಪಡಿಸಿದೆ. ಅರಬ್ಬಿ ಮತ್ತು ಇಂಗ್ಲಿಷಿನ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯೊಂದರಲ್ಲಿಯೂ ಷರತ್ತುಗಳು ಅದರಲ್ಲಿ ಇರಬೇಕು. ಹಾಗೆ ಒದಗಿಸಿರುವ ಭಾಷೆಗಳಲ್ಲಿ ಹಿಂದಿ, ಮಲಯಾಳ, ತಮಿಳು, ಉರ್ದು, ಬಂಗಾಳಿ, ನೇಪಾಳಿ ಇವೆ, ಕನ್ನಡ ಇಲ್ಲ. ಬೈಂದೂರಿನಿಂದಲೋ ಕಾರ್ಕಳದಿಂದಲೋ ಹೊರಡುವ ಹುಡುಗ ತನಗೆ ಅರೆಬರೆ ತಿಳಿದಿರುವ ಹಿಂದಿಯ ಪ್ರತಿಯ ಕೆಳಗೆ ಸಹಿ ಹಾಕುತ್ತಾನೆ. ಸಂಬಳದ ವಿಷಯದಲ್ಲಿ ಅವನು ನಂಬಿರುವುದು ಆ ಕಾಗದವನ್ನಲ್ಲ, ಊರಿನ ಜಗಲಿಯಲ್ಲಿ ಕುಳಿತು ನೀವು ಅಥವಾ ನಿಮ್ಮ ಪರವಾಗಿ ಯಾರೋ ಆಡಿದ ಮಾತನ್ನು.

ದುಬೈಯಲ್ಲಿ ಸಣ್ಣ ಹೋಟೆಲು, ಗ್ಯಾರೇಜು, ಕ್ಲೀನಿಂಗ್ ಸಂಸ್ಥೆಗಳ ಲೆಕ್ಕ ಮತ್ತು ವೀಸಾ ಕಾಗದಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಮುಂದೆ ಬಂದ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಆ ಮಾತಿಗೂ ಈ ಕಾಗದಕ್ಕೂ ನಡುವಿನ ಅಂತರದಲ್ಲಿ. ಆದ್ದರಿಂದ ಊರಿನವರನ್ನು ಕರೆಸಿಕೊಳ್ಳಲು ಹೊರಟಿರುವ ಕನ್ನಡಿಗ ಮಾಲೀಕರಿಗಾಗಿ, ಆಗಬೇಕಾದ ಕೆಲಸಗಳನ್ನು ಅವು ಆಗಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ. ಇದು ಖಾಸಗಿ ಕ್ಷೇತ್ರದ ಸಂಸ್ಥೆಗಳಿಗೆ ಅನ್ವಯಿಸುವ 2021ರ 33ನೇ ಫೆಡರಲ್ ಡಿಕ್ರಿ ಕಾನೂನಿನ ಆಧಾರದ ವಿವರಣೆ. ಈ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಮನೆಗೆಲಸದವರಿಗೆ 2022ರಲ್ಲಿ ಬಂದ ಬೇರೆಯದೇ ಕಾನೂನಿದೆ. ದುಬೈಯ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳಿಗೂ ತಮ್ಮದೇ ಕಾರ್ಮಿಕ ನಿಯಮಗಳಿವೆ.

ಆಫರ್ ಲೆಟರಿಗೆ ಮೊದಲು

ಸಂಸ್ಥೆಯ ಟ್ರೇಡ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಮೋಹ್ರೆಯಲ್ಲಿ ಸಂಸ್ಥೆಯ ಖಾತೆ ತೆರೆದಿರಬೇಕು, ನಿಮಗೆ ಬೇಕಾದಷ್ಟು ಜನರಿಗೆ ಕೋಟಾ, ಅಂದರೆ ಅಷ್ಟು ಜನರನ್ನು ನೇಮಿಸಿಕೊಳ್ಳುವ ಅನುಮತಿ, ಸಿಕ್ಕಿರಬೇಕು. ಇವು ಸರ್ಕಾರಿ ಕಾಗದಗಳನ್ನು ನೋಡಿಕೊಳ್ಳುವ ನಿಮ್ಮ ಪಿಆರ್‌ಒ ಅಥವಾ ಮೋಹ್ರೆಯ ಸೇವೆಗಳನ್ನು ಒದಗಿಸುವ ತಸ್‌ಹೀಲ್ ಕೇಂದ್ರದವರು ಮಾಡಿಕೊಡುವ ಕೆಲಸಗಳಾದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನೀವೇ ಕುಳಿತು ಮಾಡಬೇಕಾದದ್ದು ಸಂಬಳದ ಪಟ್ಟಿ.

ಒಟ್ಟು ಸಂಬಳವನ್ನು ಬೇಸಿಕ್ (ಮೂಲ ಸಂಬಳ) ಮತ್ತು ಭತ್ಯೆಗಳು ಎಂದು ಒಡೆದು ತೋರಿಸುವುದು ಇಲ್ಲಿನ ವಾಡಿಕೆ. ಈ ವಿಂಗಡಣೆಯನ್ನು ಗುಮಾಸ್ತನ ಕೆಲಸವೆಂದು ಬಿಟ್ಟುಕೊಡಬೇಡಿ. ಓವರ್‌ಟೈಮ್ ಮತ್ತು ಸೇವೆಯ ಕೊನೆಯಲ್ಲಿ ಸಲ್ಲುವ ಗ್ರಾಚುಯಿಟಿ ಎರಡನ್ನೂ ಬೇಸಿಕ್ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ತಿಂಗಳಿಗೆ 2,000 ದಿರ್ಹಂ ಸಂಬಳದಲ್ಲಿ ಬೇಸಿಕ್ 1,200 ಎಂದು ಬರೆದರೆ ದಿನಕ್ಕೆ 40 ದಿರ್ಹಂ ಆಗುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಬೇಸಿಕ್ ಗ್ರಾಚುಯಿಟಿಯಾಗಿ ಸಲ್ಲಬೇಕಾದ್ದರಿಂದ, ಏಳು ವರ್ಷ ದುಡಿದವನಿಗೆ ಐದು ವರ್ಷಗಳ 4,200 ಮತ್ತು ಎರಡು ವರ್ಷಗಳ 2,400 ಸೇರಿ 6,600 ದಿರ್ಹಂ ಸಿಗುತ್ತದೆ. ಅದೇ 2,000ದಲ್ಲಿ ಬೇಸಿಕ್ 600 ಎಂದು ಬರೆದರೆ ಅವನ ಕೈಗೆ ಬರುವುದು 3,300 ಮಾತ್ರ. ತಿಂಗಳ ಸಂಬಳ ಎರಡೂ ಕಡೆ ಒಂದೇ ಆಗಿರುವುದರಿಂದ ಹೊರಡುವ ಹುಡುಗನಿಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಬೇಸಿಕ್ ಅನ್ನು ಒಟ್ಟು ಸಂಬಳದ ಅರ್ಧಕ್ಕಿಂತ ಕೆಳಗೆ ಇಳಿಸುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನಲ್ಲಿಗೆ ಬರುವ ಮಾಲೀಕರಿಗೆ ಇದನ್ನು ಮೊದಲ ದಿನವೇ ಹೇಳುತ್ತೇನೆ.

ಪಟ್ಟಿ ಸಿದ್ಧವಾದ ಮೇಲೆ ಆಫರ್ ಲೆಟರಿನ ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿರಿ: ಹುದ್ದೆ ಯಾವುದು, ಬೇಸಿಕ್ ಎಷ್ಟು, ಭತ್ಯೆ ಎಷ್ಟು, ಕೆಲಸದ ಹೊತ್ತು ಎಷ್ಟು, ವಾರದ ರಜೆ ಯಾವಾಗ, ವಸತಿ ಎಲ್ಲಿ, ಒಂದು ಕೋಣೆಯಲ್ಲಿ ಎಷ್ಟು ಜನ, ಊಟ ಯಾರ ಲೆಕ್ಕದಲ್ಲಿ, ಪ್ರೊಬೇಷನ್ (ಪರೀಕ್ಷಾ ಅವಧಿ) ಎಷ್ಟು ತಿಂಗಳು. ಕಾನೂನು ಈ ಹಾಳೆಯನ್ನು ಕೇಳುವುದಿಲ್ಲ. ಆದರೂ ಅದನ್ನು ಹುಡುಗನ ಮನೆಗೆ ಕಳುಹಿಸಿ, ಸಾಧ್ಯವಾದರೆ ಅವನ ತಂದೆ ತಾಯಿ ಜೊತೆಗಿರುವಾಗ ಫೋನಿನಲ್ಲಿ ಓದಿ ಹೇಳಿ, ಅವನು ಒಪ್ಪಿದ ನಂತರವೇ ಅಧಿಕೃತ ಪತ್ರಕ್ಕೆ ಸಹಿ ಪಡೆಯಿರಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವವರಾದರೆ ಆ ಭಾಷೆಯಲ್ಲಿಯೇ ವಿವರಿಸಿರಿ. ಮುಂದೆ ಮೋಹ್ರೆಯಲ್ಲಿ ನೋಂದಣಿಯಾಗುವ ಕರಾರು ಈ ಆಫರ್ ಲೆಟರಿಗೆ ಅನುಗುಣವಾಗಿಯೇ ಇರಬೇಕು. ಇಲ್ಲಿಗೆ ಬಂದಿಳಿದ ಮೇಲೆ ಕಡಿಮೆ ಸಂಬಳದ ಬೇರೆ ಕಾಗದಕ್ಕೆ ಸಹಿ ಹಾಕಿಸುವಂತಿಲ್ಲ.

ಖರ್ಚು ಯಾರದು

ನೇಮಕಾತಿಯ ಮತ್ತು ಉದ್ಯೋಗದ ಖರ್ಚನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ ಎಂದು 33ನೇ ಕಾನೂನಿನ 6ನೇ ವಿಧಿ ಹೇಳುತ್ತದೆ. ಅಂದರೆ ವರ್ಕ್ ಪರ್ಮಿಟ್, ದೇಶದೊಳಗೆ ಬರಲು ಬೇಕಾದ ಎಂಟ್ರಿ ಪರ್ಮಿಟ್, ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ ಎಂಬ ಗುರುತಿನ ಚೀಟಿ, ರೆಸಿಡೆನ್ಸಿ ಎಂಬ ನೆಲೆಸುವ ಅನುಮತಿ ಇವೆಲ್ಲದರ ಶುಲ್ಕ ನಿಮ್ಮದು. ಆರೋಗ್ಯ ವಿಮೆಯೂ ನಿಮ್ಮದೇ. ಅಬುಧಾಬಿ ಮತ್ತು ದುಬೈಗಳಲ್ಲಿ ಹಿಂದಿನಿಂದಲೂ ಇದ್ದ ಈ ನಿಯಮ 2025ರ ಜನವರಿ 1ರಿಂದ ಉಳಿದ ಎಮಿರೇಟುಗಳಿಗೂ ಬಂದಿದೆ. ಇದಕ್ಕೆ ಹೊರತಾಗಿರುವ ಒಂದು ಸಣ್ಣ ಬಾಬ್ತು ಕೆಲಸ ಕಳೆದುಕೊಂಡಾಗ ನೆರವಾಗುವ ನಿರುದ್ಯೋಗ ವಿಮೆ. ಬೇಸಿಕ್ 16,000 ದಿರ್ಹಂ ಮೀರದವರಿಗೆ ಅದರ ಕಂತು ತಿಂಗಳಿಗೆ 5 ದಿರ್ಹಂ, ಮತ್ತು ಅದನ್ನು ಕೆಲಸಗಾರನೇ ಕಟ್ಟಬೇಕು. ಕಟ್ಟದಿದ್ದರೆ ಅವನಿಗೆ ದಂಡ ಬೀಳುವುದರಿಂದ ಬಂದ ವಾರದಲ್ಲಿಯೇ ಅವನನ್ನು ಕೂರಿಸಿಕೊಂಡು ನೋಂದಣಿ ಮಾಡಿಸಿರಿ.

ಊರಿನ ಕಡೆಯ ಖರ್ಚಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಭಾರತದ 1983ರ ವಲಸೆ ಕಾಯ್ದೆಯ ಅಡಿಯಲ್ಲಿ ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಸೇವಾಶುಲ್ಕವಾಗಿ ಪಡೆಯಬಹುದು. ಯುಎಇಯ ಕಾನೂನು ಕೆಲಸಗಾರನ ಮೇಲೆ ಖರ್ಚು ಹೊರಿಸಬಾರದೆನ್ನುತ್ತದೆ, ಭಾರತದ ನಿಯಮ ಒಂದು ಮಿತಿಯವರೆಗೆ ಬಿಡುತ್ತದೆ; ಈ ಎರಡರ ನಡುವೆ ನಿಂತ ಮಾಲೀಕನು ಏಜೆಂಟರ ಶುಲ್ಕವನ್ನು ತಾನೇ ಕೊಟ್ಟು, ಅಭ್ಯರ್ಥಿಯಿಂದ ಏನನ್ನೂ ಪಡೆಯುವುದಿಲ್ಲವೆಂದು ಅವರಿಂದ ಬರೆಸಿಕೊಳ್ಳುವುದೇ ಸರಿಯಾದ ದಾರಿ. ಇನ್ನು ನೋಂದಣಿಯೇ ಇಲ್ಲದೆ ಊರಿನಲ್ಲಿ ವೀಸಾ ಮಾರುವವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಮಾಲೀಕನ ಸಂಬಂಧಿಕರೋ ಪರಿಚಿತರೋ ಆಗಿರುತ್ತಾರೆಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ. ಒಮ್ಮೆ ನಾನೇ ಕಾಗದ ಮಾಡಿಸಿ ಕರೆಸಿದ ಅಡುಗೆಯ ಸಹಾಯಕನೊಬ್ಬ, ಬಂದು ಎಂಟು ತಿಂಗಳಾದ ಮೇಲೆ, ತಾಯಿಯ ಬಳೆಗಳನ್ನು ಅಡವಿಟ್ಟು ಮಾಲೀಕರ ಕಡೆಯವರಿಗೆ ಒಂದೂವರೆ ಲಕ್ಷ ರೂಪಾಯಿ ಕೊಟ್ಟೇ ಬಂದೆನೆಂದು ಹೇಳಿದ. ಮಾಲೀಕರಿಗೆ ಅದರ ಸುಳಿವೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಅಂದಿನಿಂದ ಸಹಿಗೆ ಮೊದಲು ಪ್ರತಿಯೊಬ್ಬರನ್ನೂ, ಬೇರೆ ಯಾರೂ ಕೇಳಿಸಿಕೊಳ್ಳದ ಹೊತ್ತು ನೋಡಿ, ಈ ಕೆಲಸಕ್ಕಾಗಿ ಯಾರಿಗಾದರೂ ಹಣ ಕೊಟ್ಟಿದ್ದೀರಾ ಎಂದು ಕೇಳುತ್ತೇನೆ. ನೀವೂ ಕೇಳಿರಿ. ಕೊಟ್ಟಿದ್ದರೆ ಅದನ್ನು ವಾಪಸು ಕೊಡಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಿರಿ.

ಪಾಸ್‌ಪೋರ್ಟ್ ನೋಡುವ ಬಗೆ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗದ್ದಾಗಿರುತ್ತದೆ, ಅಂದರೆ ಕೆಲಸಕ್ಕೆಂದು ಹೊರಡುವ ಮೊದಲು ವಲಸೆ ಅನುಮತಿ ಪಡೆಯಲೇಬೇಕಾದ ವರ್ಗ. ಈ ಅನುಮತಿ ಬೇಕಾದ 18 ದೇಶಗಳಲ್ಲಿ ಯುಎಇ ಒಂದು. ನೀವು ನೋಂದಾಯಿತ ಏಜೆಂಟರ ಮೂಲಕ ಬರಬಹುದು, ಅಥವಾ ವಿದೇಶಿ ಉದ್ಯೋಗದಾತರಾಗಿ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ನೇರವಾಗಿಯೂ ನೇಮಿಸಿಕೊಳ್ಳಬಹುದು. ಎರಡರಲ್ಲಿಯೂ ಭಾರತದ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಆಗಬೇಕು. ಆ ಹೊತ್ತಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ಪಾಲಿಸಿಯೂ ಆಗಿರಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ವಿಮೆ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ರಕ್ಷಣೆ ಕೊಡುತ್ತದೆ. ಇಸಿಆರ್ ಅಲ್ಲದ ಪಾಸ್‌ಪೋರ್ಟು ಇರುವವರೂ ಇದನ್ನು ಸ್ವ-ಇಚ್ಛೆಯಿಂದ ಮಾಡಿಸಬಹುದು; ನೀವೇ ಮಾಡಿಸಿಕೊಡಿ.

ಈ ಓಡಾಟ ತಪ್ಪಿಸಲೆಂದು ವಿಸಿಟ್ ವೀಸಾದಲ್ಲಿ ಕರೆಸಿ, ಇಲ್ಲಿಗೆ ಬಂದ ಮೇಲೆ ನೋಡೋಣವೆನ್ನುವ ಅಭ್ಯಾಸವಿದೆ. ಇದಕ್ಕೆ ಖಂಡಿತ ಒಪ್ಪಬೇಡಿ. ವಿಸಿಟ್ ವೀಸಾದಲ್ಲಿರುವವನು ಒಂದು ದಿನ ಕೌಂಟರಿನಲ್ಲಿ ನಿಂತರೂ ಅದು ಪರ್ಮಿಟ್ ಇಲ್ಲದೆ ದುಡಿಸಿಕೊಂಡಂತೆ. 2024ರ 9ನೇ ಡಿಕ್ರಿ ಕಾನೂನು ಈ ತಪ್ಪಿಗೆ ಮಾಲೀಕನಿಗೆ ವಿಧಿಸುವ ದಂಡವನ್ನು ಕನಿಷ್ಠ 1 ಲಕ್ಷದಿಂದ ಗರಿಷ್ಠ 10 ಲಕ್ಷ ದಿರ್ಹಂವರೆಗೆ ಏರಿಸಿದೆ. ಕರೆಸಿಕೊಂಡು ಕೆಲಸ ಕೊಡದೆ ಬಿಟ್ಟರೂ ದಂಡ ಅದೇ. ಕೆಲಸಗಾರನ ಕಡೆಯಿಂದ ನೋಡಿದರೆ ಅವನ ಹೆಸರಿನಲ್ಲಿ ವಲಸೆ ಅನುಮತಿಯೂ ಇಲ್ಲ, ವಿಮೆಯೂ ಇಲ್ಲ, ಮೋಹ್ರೆಯಲ್ಲಿ ಕರಾರೂ ಇಲ್ಲ. ಸಂಬಳ ಬಾರದಿದ್ದರೆ ತೋರಿಸಲು ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ವೀಸಾದ ಹಂತಗಳು

ಸಹಿಯಾದ ಆಫರ್ ಲೆಟರ್ ಸಲ್ಲಿಸಿದಾಗ ಮೋಹ್ರೆ ವರ್ಕ್ ಪರ್ಮಿಟ್‌ಗೆ ಪ್ರಾಥಮಿಕ ಒಪ್ಪಿಗೆ ಕೊಡುತ್ತದೆ. ಶುಲ್ಕವನ್ನೂ, ಕೆಲಸಗಾರನ ಬಾಕಿಗೆ ಭದ್ರತೆಯಾಗಿ ಹಿಂದೆ ಇಡುತ್ತಿದ್ದ ಬ್ಯಾಂಕ್ ಗ್ಯಾರಂಟಿಯ ಬದಲಿಗೆ ಈಗ ಸಾಮಾನ್ಯವಾಗಿ ಕಟ್ಟುವ ಕಾರ್ಮಿಕ ವಿಮೆಯನ್ನೂ ಪಾವತಿಸಿದ ಮೇಲೆ ಎಂಟ್ರಿ ಪರ್ಮಿಟ್ ಬರುತ್ತದೆ. ಅದು ಬಂದ ಮೇಲೆ ಮಾತ್ರ ಟಿಕೆಟು ತೆಗೆಯಿರಿ. ಕೆಲಸಗಾರನು ಬಂದಿಳಿದ ನಂತರ 60 ದಿನಗಳ ಒಳಗೆ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿಗಾಗಿ ಬೆರಳಚ್ಚು, ಮೋಹ್ರೆಯಲ್ಲಿ ಕರಾರಿನ ನೋಂದಣಿ, ಕೊನೆಗೆ ರೆಸಿಡೆನ್ಸಿ ಇವೆಲ್ಲ ಮುಗಿಯಬೇಕು. ಮುಖ್ಯಭೂಮಿಯ, ಅಂದರೆ ಮುಕ್ತ ವಲಯಗಳ ಹೊರಗಿನ, ಸಂಸ್ಥೆಗಳಲ್ಲಿ ರೆಸಿಡೆನ್ಸಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಸಿಗುತ್ತದೆ. 2022ರಿಂದ ಪಾಸ್‌ಪೋರ್ಟಿನಲ್ಲಿ ವೀಸಾದ ಚೀಟಿ ಅಂಟಿಸುವ ಪದ್ಧತಿ ನಿಂತು, ಎಮಿರೇಟ್ಸ್ ಐಡಿಯೇ ನೆಲೆಸಿಕೆಯ ಪುರಾವೆಯಾಗಿದೆ.

ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಇರುತ್ತವೆ. ಎಚ್‌ಐವಿ ಕಂಡುಬಂದರೆ ವೀಸಾ ಸಿಗುವುದಿಲ್ಲ. ಕ್ಷಯ ಹಿಂದೆ ಬಂದು ವಾಸಿಯಾದ ಗುರುತು ಎಕ್ಸ್‌ರೇಯಲ್ಲಿದ್ದರೂ ತೊಡಕಾಗಬಹುದು. ಕೆಲಸ ಬಿಟ್ಟು, ಸಾಲ ಮಾಡಿ ಬಂದವನು ಎರಡೇ ವಾರದಲ್ಲಿ ಮರಳುವಂತಾಗಬಾರದು. ಆದ್ದರಿಂದ ಊರಿನಲ್ಲಿಯೇ ನಿಮ್ಮ ಖರ್ಚಿನಲ್ಲಿ ಒಮ್ಮೆ ತಪಾಸಣೆ ಮಾಡಿಸಿರಿ, ಮತ್ತು ಅದರ ಫಲಿತಾಂಶವನ್ನು ಅವನೊಬ್ಬನಿಗೇ ತಿಳಿಸುವಂತೆ ವೈದ್ಯರಿಗೆ ಹೇಳಿರಿ.

ಈ ಕೆಲಸಗಳಿಗಾಗಿ ಪಾಸ್‌ಪೋರ್ಟನ್ನು ಪಡೆದಿದ್ದರೆ ಕೆಲಸ ಮುಗಿದ ದಿನವೇ ಹಿಂದಿರುಗಿಸಿರಿ. ಕಳೆದುಹೋಗದಿರಲೆಂದು ಕಚೇರಿಯ ಕಪಾಟಿನಲ್ಲಿಟ್ಟಿದ್ದೇವೆ ಎಂಬ ಮಾತನ್ನು ಒಳ್ಳೆಯ ಮನಸ್ಸಿನ ಮಾಲೀಕರಿಂದಲೂ ಕೇಳಿದ್ದೇನೆ. ಕೆಲಸಗಾರನ ಅಧಿಕೃತ ದಾಖಲೆಗಳನ್ನು ಇಟ್ಟುಕೊಳ್ಳುವುದನ್ನು 33ನೇ ಕಾನೂನಿನ 13ನೇ ವಿಧಿ ನಿಷೇಧಿಸಿದೆ. ಬದಲಿಗೆ ವಸತಿಯಲ್ಲಿ ಪ್ರತಿಯೊಬ್ಬರಿಗೂ ಬೀಗವಿರುವ ಪೆಟ್ಟಿಗೆಯೊಂದನ್ನು ಕೊಡಿ; ಬೀಗದ ಕೈ ಅವರ ಬಳಿಯೇ ಇರಲಿ.

ಕೆಲಸದ ಹೊತ್ತು, ರಜೆ, ಸಂಬಳ

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕಾನೂನಿನ ಮಿತಿ. ಐದು ಗಂಟೆ ಒಂದೇ ಸಮನೆ ದುಡಿದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓವರ್‌ಟೈಮ್ ಕೂಡದು, ಮೂರು ವಾರಗಳ ಒಟ್ಟು ಹೊತ್ತು 144 ಗಂಟೆ ಮೀರಬಾರದು. ಹೋಟೆಲುಗಳ ವಿಷಯವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಡುಗೆಮನೆಗೆ ಬಂದವನು ಮಧ್ಯಾಹ್ನದ ಊಟ ಮುಗಿಸಿ ಕೋಣೆಗೆ ಹೋಗಿ, ಸಂಜೆ ಮತ್ತೆ ಬಂದು ರಾತ್ರಿ ಬಾಗಿಲು ಹಾಕುವವರೆಗೆ ನಿಲ್ಲುವ ಪದ್ಧತಿ ನಮ್ಮವರ ಹೋಟೆಲುಗಳಲ್ಲಿ ತುಂಬ ಹಳೆಯದು. ನಡುವಿನ ಬಿಡುವನ್ನು ಕಳೆದರೂ ಅದು ಎಷ್ಟೋ ಕಡೆ 12 ಗಂಟೆ ಮುಟ್ಟುತ್ತದೆ. ಊರಿನಲ್ಲಿ ನಾವೂ ಹೀಗೆಯೇ ದುಡಿದೆವು ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ. ಇಬ್ಬರು ಮಾಡುವ ಕೆಲಸಕ್ಕೆ ಇಬ್ಬರನ್ನೇ ತೆಗೆದುಕೊಳ್ಳಿ. ಎರಡು ಪಾಳಿ ಮಾಡಿ, ಬಂದ ಹೊತ್ತು ಮತ್ತು ಹೋದ ಹೊತ್ತನ್ನು ದಿನವೂ ದಾಖಲಿಸಿ, ಆ ದಾಖಲೆಯನ್ನು ಕೆಲಸಗಾರನಿಗೂ ತೋರಿಸಿರಿ.

ಓವರ್‌ಟೈಮಿಗೆ ಬೇಸಿಕ್ ದರದ ಮೇಲೆ ಕನಿಷ್ಠ ಶೇಕಡಾ 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರ ನಡುವೆ ಆದರೆ ಶೇಕಡಾ 50, ಆದರೆ ಪಾಳಿಯಲ್ಲಿ ದುಡಿಯುವವರಿಗೆ ಈ ರಾತ್ರಿಯ ದರ ಅನ್ವಯಿಸದು. ಮೇಲಿನ ಉದಾಹರಣೆಯ ಹುಡುಗನಿಗೆ ದಿನಕ್ಕೆ 40 ದಿರ್ಹಂ ಎಂದರೆ ಗಂಟೆಗೆ 5. ಹೆಚ್ಚಿನ ಒಂದು ಗಂಟೆಗೆ 6.25, ರಾತ್ರಿ 10ರ ನಂತರ 7.50. ವಾರದಲ್ಲಿ ಕನಿಷ್ಠ ಒಂದು ದಿನ ರಜೆ. ಅಂದು ಕರೆದರೆ ಬದಲಿ ರಜೆ, ಇಲ್ಲವೇ ಆ ದಿನದ ಸಂಬಳದ ಜೊತೆ ಬೇಸಿಕ್‌ನ ಶೇಕಡಾ 50 ಹೆಚ್ಚು ಕೊಡಬೇಕು. ರಂಜಾನ್ ತಿಂಗಳಲ್ಲಿ ದಿನದ ಹೊತ್ತು ಎರಡು ಗಂಟೆ ಕಡಿಮೆ, ಮತ್ತು ಇದು ಉಪವಾಸ ಮಾಡದವರಿಗೂ ಸಲ್ಲುತ್ತದೆ. ಬಿಸಿಲಿನಲ್ಲಿ ಹೊರಗೆ ದುಡಿಸುವವರು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕು. ತಪ್ಪಿದರೆ ಪ್ರತಿ ಕೆಲಸಗಾರನಿಗೆ 5,000 ದಿರ್ಹಂನಂತೆ 50,000ದವರೆಗೆ ದಂಡ.

ವರ್ಷ ತುಂಬಿದವರಿಗೆ 30 ದಿನಗಳ ಸಂಬಳಸಹಿತ ರಜೆ ಇದೆ. ಪ್ರೊಬೇಷನ್ ದಾಟಿದವರಿಗೆ ವರ್ಷಕ್ಕೆ 90 ದಿನ ಕಾಯಿಲೆಯ ರಜೆ; ಮೊದಲ 15 ದಿನಕ್ಕೆ ಪೂರ್ತಿ, ಮುಂದಿನ 30ಕ್ಕೆ ಅರ್ಧ ಸಂಬಳ, ಉಳಿದದ್ದಕ್ಕೆ ಸಂಬಳವಿಲ್ಲ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ.

ಸಂಬಳವನ್ನು ನಗದಾಗಿ ಕೈಗೆ ಕೊಡದೆ 2009ರಿಂದ ಇರುವ ವೇತನ ಸಂರಕ್ಷಣಾ ವ್ಯವಸ್ಥೆ, ಅಂದರೆ ಡಬ್ಲ್ಯುಪಿಎಸ್ ಮೂಲಕ, ಕರಾರಿನಲ್ಲಿರುವ ಮೊತ್ತಕ್ಕೇ ಹಾಕಬೇಕು. ಹಾಕಿ ಆಮೇಲೆ ಎಟಿಎಮ್ಮಿನಿಂದ ತೆಗೆಸಿ ವಾಪಸು ಪಡೆಯುವುದು ಅಪರಾಧವೇ. ಊರಿಗೆ ತುರ್ತಾಗಿ ಹಣ ಬೇಕೆಂದು ಮುಂಗಡ ಕೇಳಿದವನಿಗೆ ನೀವು ಕೊಟ್ಟಿದ್ದರೆ, ಅವನ ಲಿಖಿತ ಒಪ್ಪಿಗೆ ಪಡೆದು, ಬಡ್ಡಿ ಹಾಕದೆ, ತಿಂಗಳಿಗೆ ಸಂಬಳದ ಶೇಕಡಾ 20 ಮೀರದಂತೆ ಹಿಡಿಯಬಹುದು. ಕಾರಣಗಳು ಎಷ್ಟೇ ಇದ್ದರೂ ಒಟ್ಟು ಕಡಿತ ಸಂಬಳದ ಅರ್ಧವನ್ನು ದಾಟಬಾರದು.

ವಸತಿ ಕೊಡಬೇಕು, ಇಲ್ಲವೇ ವಸತಿಭತ್ಯೆ ಕೊಡಬೇಕು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ 1,500 ದಿರ್ಹಂಗಿಂತ ಕಡಿಮೆ ಸಂಬಳದವರಿಗೆ ವಸತಿಯನ್ನೇ ಒದಗಿಸಬೇಕಾಗುತ್ತದೆ. ಮಲಗುವ ಕೋಣೆಯಲ್ಲಿ ಒಬ್ಬನಿಗೆ ಕನಿಷ್ಠ 3 ಚದರ ಮೀಟರ್ ಜಾಗ ಎಂಬುದು ಸಚಿವಾಲಯದ ಅಳತೆ. ಮೂರು ಚದರ ಮೀಟರ್ ಎಂದರೆ ಒಂದು ಮಂಚ ಮತ್ತು ಅದರ ಪಕ್ಕದಲ್ಲಿ ನಿಲ್ಲುವಷ್ಟು ಜಾಗ ಮಾತ್ರ. ಅದನ್ನು ಕನಿಷ್ಠವೆಂದೇ ತಿಳಿಯಿರಿ, ಗುರಿಯೆಂದು ತಿಳಿಯಬೇಡಿ.

ದೂರು ಬಂದಾಗ, ಕೆಲಸ ಮುಗಿದಾಗ

ಕೆಲಸಗಾರನು ಮೋಹ್ರೆಗೆ ದೂರು ಕೊಡಬಹುದು, ಮತ್ತು ನ್ಯಾಯವಾದ ದೂರು ಕೊಟ್ಟ ಕಾರಣಕ್ಕೆ ಅವನನ್ನು ತೆಗೆದರೆ ಅದು ಅನ್ಯಾಯದ ವಜಾ ಎನಿಸುತ್ತದೆ. ವಿವಾದದ ಮೊತ್ತ 50,000 ದಿರ್ಹಂ ಮೀರದಿದ್ದರೆ ಮೋಹ್ರೆಯೇ ತೀರ್ಮಾನ ಕೊಡುತ್ತದೆ. ಭಾರತೀಯರ ಸಲಹೆಗಾಗಿ ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. ಅದರ ಉಚಿತ ಸಹಾಯವಾಣಿ 80046342. ಈ ಸಂಖ್ಯೆಯನ್ನು ವಸತಿಯ ಗೋಡೆಯ ಮೇಲೆ ನೀವೇ ಕನ್ನಡದಲ್ಲಿ ಬರೆದು ಹಾಕಿರಿ. ಜಗಳವಾದಾಗ ಸಿಟ್ಟಿನಿಂದ, ಕೆಲಸ ಬಿಟ್ಟು ಪರಾರಿಯಾದನೆಂಬ ವರದಿ ಕೊಡುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅವನು ಎಲ್ಲಿದ್ದಾನೆಂದು ತಿಳಿಯದೆ, ಏಳು ದಿನಗಳಿಗೂ ಮೀರಿ ಒಂದೇ ಸಮನೆ ಬಾರದೆ ಇದ್ದಾಗ ಮಾತ್ರ ಅದಕ್ಕೆ ಆಧಾರವಿರುತ್ತದೆ. ಸುಳ್ಳು ವರದಿ ಅವನ ವೀಸಾವನ್ನೂ ಮುಂದಿನ ಕೆಲಸದ ದಾರಿಯನ್ನೂ ಕೆಡಿಸುತ್ತದೆ, ಸುಳ್ಳೆಂದು ಸಾಬೀತಾದರೆ ನಿಮ್ಮ ಸಂಸ್ಥೆಗೂ ಶಿಕ್ಷೆ ತಪ್ಪದು.

ಕರಾರು ಕೊನೆಗಾಣಿಸುವಾಗ ಬರಹದ ಮೂಲಕ 30ರಿಂದ 90 ದಿನಗಳ ನೋಟಿಸ್ ಕೊಡಬೇಕು; ಪ್ರೊಬೇಷನ್ನಿನಲ್ಲಿ ಮಾಲೀಕನು 14 ದಿನಗಳ ನೋಟಿಸ್ ಕೊಡಬೇಕು. ಬಾಕಿ ಸಂಬಳ, ಬಳಸದ ರಜೆಯ ಹಣ, ಗ್ರಾಚುಯಿಟಿ ಎಲ್ಲವನ್ನೂ ಕರಾರು ಮುಗಿದ 14 ದಿನಗಳೊಳಗೆ ಪಾವತಿಸಬೇಕು. ವೀಸಾ ಕ್ಯಾನ್ಸಲ್ ಕಾಗದದ ಮೇಲೆ, ಎಲ್ಲ ಬಾಕಿಯೂ ಸಂದಿದೆ ಎಂದು ಕೆಲಸಗಾರನು ಸಹಿ ಹಾಕುತ್ತಾನೆ. ಹಣ ಅವನ ಖಾತೆಗೆ ಸೇರಿದ ಮೇಲೆಯೇ ಆ ಸಹಿ ಪಡೆಯಿರಿ, ಮತ್ತು ಲೆಕ್ಕದ ಹಾಳೆಯನ್ನು ಮೊದಲಿನಂತೆಯೇ ಕನ್ನಡದಲ್ಲಿ ಓದಿ ಹೇಳಿರಿ. ಬೇರೆ ಮಾಲೀಕನ ಬಳಿಗೆ ಹೋಗದೆ ಊರಿಗೆ ಮರಳುವುದಾದರೆ ಟಿಕೆಟಿನ ಖರ್ಚು ಸಾಮಾನ್ಯವಾಗಿ ನಿಮ್ಮದು. ಕೇಳಿದರೆ ಅನುಭವ ಪತ್ರವನ್ನು ಹಣ ಪಡೆಯದೆ ಕೊಡಬೇಕು, ಅದರಲ್ಲಿ ಅವನ ಮುಂದಿನ ಕೆಲಸಕ್ಕೆ ಅಡ್ಡಿಯಾಗುವ ಮಾತು ಇರಕೂಡದು.

ಕೆಲಸದಲ್ಲಿರುವಾಗಲೇ ಕೆಲಸಗಾರನು ತೀರಿಕೊಂಡರೆ, ಅವನಿಗೆ ಸಲ್ಲಬೇಕಾದ ಸಂಬಳ ಮತ್ತು ಗ್ರಾಚುಯಿಟಿಯನ್ನು 10 ದಿನಗಳೊಳಗೆ ಕುಟುಂಬಕ್ಕೆ ಮುಟ್ಟಿಸಬೇಕು. ಕುಟುಂಬದವರು ಕೇಳಿದರೆ ಪಾರ್ಥಿವ ಶರೀರವನ್ನು ಊರಿಗೆ ತಲುಪಿಸುವ ಪೂರ್ತಿ ಖರ್ಚನ್ನೂ ಮಾಲೀಕನೇ ಭರಿಸಬೇಕು. ಆದ್ದರಿಂದ ಕೆಲಸಕ್ಕೆ ಸೇರುವ ದಿನವೇ ಊರಿನ ಇಬ್ಬರ ಹೆಸರು, ವಿಳಾಸ, ಫೋನ್ ಸಂಖ್ಯೆ ಮತ್ತು ವಾರಸುದಾರರ ಬ್ಯಾಂಕ್ ಖಾತೆಯನ್ನು ಅವನ ಕೈಬರಹದಲ್ಲಿಯೇ ಬರೆಸಿ ಫೈಲಿನಲ್ಲಿಡಿ, ಮತ್ತು ಪ್ರತಿ ಸಲ ವೀಸಾ ನವೀಕರಿಸುವಾಗ ಅದನ್ನು ಅವನ ಮುಂದಿಟ್ಟು ಬದಲಾವಣೆ ಇದೆಯೇ ಎಂದು ಕೇಳಿರಿ.